ಕೈ, ಬಾಯಿ, ಕಚ್ಚೆ: ಒಂದು ಗರಡಿ ಮನೆಯ ಪ್ರಕರಣ

ಇದು ಮೈಸೂರಿನ ಒಂದು ಹಳೇ ಮೊಹಲ್ಲಾದಲ್ಲಿ 2024ರ ಆಷಾಢದಲ್ಲಿ ನಡೆದದ್ದು. ಕೆರೆ ಏರಿ ಮೇಲೆ ಕೂತಿದ್ದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಗರಡಿಯ ಐದು ಹುಡುಗರು ಅಡ್ಡಗಟ್ಟಿ ಅವಮಾನ ಮಾಡಿದರು. ಗರಡಿಯ ಹೆಸರು, ಬೀದಿ, ಕಾಲೇಜು ಯಾವುದನ್ನೂ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಆ ಹುಡುಗ ಹುಡುಗಿಯ ಜಾತಿ, ಧರ್ಮವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಬರೆದ ಕೂಡಲೇ ಓದುವವರ ಮನಸ್ಸು ಅಲ್ಲಿಗೇ ಹೋಗಿ ನಿಂತುಬಿಡುತ್ತದೆ. ಆಮೇಲೆ ಮಿಕ್ಕಿದ್ದು ಕಾಣುವುದಿಲ್ಲ.

ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಚಿಕ್ಕಂದಿನಲ್ಲಿ ಎರಡು ವರ್ಷ ಇದೇ ಗರಡಿಯಲ್ಲಿ ಸಾಮು ಮಾಡಿದ್ದೆ. ಹುಡುಗಿಯ ತಾಯಿ ನನ್ನ ಹಳೇ ವಿದ್ಯಾರ್ಥಿನಿ. ಹಾಗಾಗಿ ಎರಡೂ ಕಡೆ ನನ್ನ ಮಾತಿಗೆ ಸ್ವಲ್ಪ ಬೆಲೆ ಇತ್ತು. ಗರಡಿ, ಭಜನಾ ಮಂಡಳಿ, ಯುವಕ ಸಂಘ ನಡೆಸುವ ಹಿರಿಯರಿಗೆ, ಹುಡುಗರ ಜೊತೆ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಾನು ಎಡವಿದ ಕಡೆಗಳನ್ನೂ ಮುಚ್ಚಿಟ್ಟಿಲ್ಲ.

ಉಸ್ತಾದರು

ಮೈಸೂರಿನ ಗರಡಿಗಳಲ್ಲಿ ಕಲಿಸುವವರು ಯಾವ ಜಾತಿ, ಯಾವ ಧರ್ಮದವರಾದರೂ ಉಸ್ತಾದರೇ. ಈ ಉಸ್ತಾದರಿಗೆ ಎಪ್ಪತ್ತು ಹತ್ತಿರ. ಆಂಜನೇಯನ ಭಕ್ತರು. ಶನಿವಾರ ಒಪ್ಪೊತ್ತು. ಬೆಳಗಿನ ಜಾವ ನಾಲ್ಕೂವರೆಗೆ ಗರಡಿ ಬಾಗಿಲು ತೆಗೆದು, ದೀಪ ಹಚ್ಚಿ, ಮಟ್ಟಿಗೆ, ಅಂದರೆ ಕುಸ್ತಿ ಆಡುವ ಮಣ್ಣಿನ ಅಂಕಣಕ್ಕೆ, ನಮಸ್ಕಾರ ಮಾಡಿ, ಆಮೇಲೆ ಹುಡುಗರನ್ನು ಒಳಗೆ ಬಿಡುತ್ತಾರೆ. ಸುಮಾರು ಮೂವತ್ತು ಹುಡುಗರು ಬರುತ್ತಾರೆ. ಯಾರಿಂದಲೂ ಕಾಸು ತೆಗೆದುಕೊಳ್ಳುವುದಿಲ್ಲ.

ಇವರನ್ನು ಒಬ್ಬ ಹಳೇ ಕಾಲದ ಒರಟ ಎಂದು ಯಾರಾದರೂ ಅಂದುಕೊಂಡರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಮಗನ ಮದುವೆಗೆ ಒಂದು ಪೈಸೆ ವರದಕ್ಷಿಣೆ ಮುಟ್ಟಲಿಲ್ಲ. ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ ಇಬ್ಬರನ್ನು ರಾತ್ರೋರಾತ್ರಿ ಗರಡಿಗೆ ಕರೆತಂದು ಮಲಗಿಸಿದ್ದನ್ನು ನಾನೇ ನೋಡಿದ್ದೇನೆ. ಆನ್‌ಲೈನ್ ಜೂಜಿನಲ್ಲಿ ಸಾಲ ಮಾಡಿಕೊಂಡ ಒಬ್ಬ ಹುಡುಗನ ಫೋನನ್ನು ಆರು ತಿಂಗಳು ತಮ್ಮ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದರು. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡುತ್ತಿದ್ದ ಜಾಲ ಬಯಲಾಯಿತಲ್ಲ, ಆವತ್ತು ಅವರು ಸಾಮು ನಿಲ್ಲಿಸಿ ಒಂದು ಗಂಟೆ ಮಾತಾಡಿದರು. "ಬೆಲ್ಲ ಕಾಯ್ಸೋ ಜಾಗದಲ್ಲಿ ಹೆಣ್ಣು ಕೂಸು ಕೊಲ್ಲೋಕೆ ದಾರಿ ಮಾಡೋನು ಗಂಡಸೇನ್ರೋ?" ಎಂದು ಕೇಳಿದಾಗ ಹುಡುಗರು ತಲೆ ಎತ್ತಲಿಲ್ಲ.

ಗಂಡಸ್ತನ ಎಂದರೇನು ಎಂದು ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: "ಕೈ, ಬಾಯಿ, ಕಚ್ಚೆ ಮೂರೂ ಶುದ್ಧ ಇರಬೇಕು." ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಕೈ ಶುದ್ಧ ಎಂದರೆ ಇನ್ನೊಬ್ಬರ ದುಡ್ಡು ಮುಟ್ಟಬಾರದು, ಕೈಲಾಗದವರ ಮೇಲೆ ಕೈ ಎತ್ತಬಾರದು. ಬಾಯಿ ಶುದ್ಧ ಎಂದರೆ ಕುಡಿತ ಬೇಡ, ಹೊಲಸು ಮಾತು ಬೇಡ. ಕಚ್ಚೆಯನ್ನು ಬಿಡಿಸಿ ಹೇಳಬೇಕಿಲ್ಲ.

ದೇಶದ ವಿಷಯಕ್ಕೆ ಬಂದರೆ, ಪ್ರತಿ ಆಗಸ್ಟ್ 15ಕ್ಕೆ ಗರಡಿ ಮುಂದೆ ಬಾವುಟ ಹಾರಿಸಿ ರಾಮಸ್ವಾಮಿಯ ಕಥೆ ಹೇಳುತ್ತಾರೆ. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಬಂದಿರಲಿಲ್ಲ. ಅದಕ್ಕಾಗಿ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು. ಆಗ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿ. ಅವನ ಹೆಸರಿನ ವೃತ್ತವನ್ನು ನಾವು ದಿನಾ ದಾಟಿ ಹೋಗುತ್ತೇವೆ.

ಈಚಿನ ನಾಲ್ಕೈದು ವರ್ಷದಲ್ಲಿ ಅವರ ಮಾತಿನ ತೂಕ ಬದಲಾಯಿತು. ಫೋನಿಗೆ ದಿನಾ ವಿಡಿಯೋಗಳು ಬರತೊಡಗಿದವು. ಕಾಲೇಜು ಹುಡುಗ ಹುಡುಗಿಯರು ಕೆಟ್ಟುಹೋದರು, ಮನೆತನ ಹಾಳಾಯಿತು, ಹೀಗೇ. ಸಾಮು ಮುಗಿದ ಮೇಲಿನ ಹತ್ತು ನಿಮಿಷದ ಮಾತಿನಲ್ಲಿ ಕೈ ಹೋಯಿತು, ಬಾಯಿ ಹೋಯಿತು. ಕಚ್ಚೆ ಒಂದೇ ಉಳಿಯಿತು. ಅದೂ ತಮ್ಮ ಹುಡುಗರದ್ದಲ್ಲ, ಊರವರದ್ದು. ಇದನ್ನು ನಾನು ಗಮನಿಸಿದ್ದೆ. ಗಮನಿಸಿಯೂ ಸುಮ್ಮನಿದ್ದೆ. ಪ್ರಕರಣ ಶುರುವಾದದ್ದು ಅಲ್ಲಿಂದಲೇ ಎಂದು ನನಗೆ ಈಗ ಅನ್ನಿಸುತ್ತದೆ.

ಆ ಶುಕ್ರವಾರ

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವವರ ಸಾಲು ನಿಮಗೆ ಗೊತ್ತೇ ಇದೆ. ಗರಡಿಯ ಐದು ಹುಡುಗರು ಸಾವಿರ ಮೆಟ್ಟಿಲು ಹತ್ತಿ, ದರ್ಶನ ಮಾಡಿ, ಇಳಿದು ಬಂದಿದ್ದರು. ಮನೆಗೆ ಹೋಗುವ ಮುಂಚೆ ಒಂದು ಕೆರೆ ಏರಿ ಹತ್ತಿರ ನಿಂತರು. ಬೆಳಗ್ಗೆ ಹನ್ನೊಂದು ಗಂಟೆ. ಅಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಇಬ್ಬರಿಗೂ 20 ದಾಟಿತ್ತು. ಒಂದೇ ಕ್ಲಾಸಿನವರು. ನಡುವೆ ಪ್ರಾಕ್ಟಿಕಲ್ ರೆಕಾರ್ಡ್ ಇತ್ತು.

ಐದು ಜನ ಸುತ್ತುವರಿದರು. ಹೆಸರು ಕೇಳಿದರು. ಐಡಿ ಕಾರ್ಡ್ ಕಿತ್ತುಕೊಂಡರು. ಹುಡುಗನ ಕೆನ್ನೆಗೆ ಎರಡು ಏಟು ಬಿತ್ತು. ಕಿವಿ ಹಿಡಿಸಿ ಐವತ್ತು ಬಸ್ಕಿ ಹೊಡೆಸಿದರು. ಒಬ್ಬ ವಿಡಿಯೋ ಮಾಡುತ್ತಿದ್ದ. ಹುಡುಗಿ ಎದ್ದು, "ನಾನು ಹೋಗ್ತೀನಿ, ಬಿಡಿ" ಅಂದಳು. ಬಿಡಲಿಲ್ಲ. "ನಾವೇ ಮನೆಗೆ ಬಿಟ್ಟು ಬರ್ತೀವಿ" ಎಂದು ಬಲವಂತವಾಗಿ ಸ್ಕೂಟರ್ ಹತ್ತಿಸಿದರು. ಮನೆ ಬಾಗಿಲಲ್ಲಿ ಅಪ್ಪನನ್ನು ಕರೆದು, ಬೀದಿಗೆಲ್ಲ ಕೇಳುವಂತೆ ಕೂಗಾಡಿ ಹೋದರು. ಸಂಜೆ ಹೊತ್ತಿಗೆ ವಿಡಿಯೋ ಮೊಹಲ್ಲಾದ ವಾಟ್ಸಾಪ್ ಗ್ರೂಪಿನಲ್ಲಿತ್ತು. ಉಸ್ತಾದರು ಅದಕ್ಕೆ ಕೈಮುಗಿದ ಚಿತ್ರ ಹಾಕಿದ್ದರು.

ಐದು ಜನರಲ್ಲಿ ಹಿರಿಯವನಿಗೆ 24. ಸೇನೆ ಭರ್ತಿಗೆ ಎರಡು ಸಲ ಹೋಗಿ ಆಗದೆ ಬಂದವನು. ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು, ಎಲ್ಲೂ ಕುದುರುತ್ತಿರಲಿಲ್ಲ. ಗರಡಿಯ ಹೊರಗೆ ಅವನನ್ನು ಗಂಡಸು ಎಂದು ಕರೆಯುವವರು ಯಾರೂ ಇರಲಿಲ್ಲ ಎಂದು ಅವನೇ ಆಮೇಲೆ ಹೇಳಿದ. ಇದು ಅವನ ತಪ್ಪನ್ನು ಕಮ್ಮಿ ಮಾಡುವುದಿಲ್ಲ. ಆದರೆ ಇಂಥ ಹುಡುಗರ ಜೊತೆ ಕೆಲಸ ಮಾಡುವವರು ಇದನ್ನು ತಿಳಿದಿರಬೇಕು.

ಹುಡುಗಿಯ ಅಪ್ಪ ಮಾರನೇ ದಿನವೇ ಕಾಲೇಜು ಬಿಡಿಸಿದರು. ಜಾತಕ ಹೊರಗೆ ಬಂತು. ಮೂರನೇ ದಿನ ತಾಯಿ ನನ್ನ ಮನೆಗೆ ಬಂದರು.

ಮೊದಲು ಮಾಡಿದ್ದು, ಆಗದೆ ಹೋದದ್ದು

ನಾನು ನೇರ ಉಸ್ತಾದರ ಹತ್ತಿರ ಹೋದೆ. ಕಾನೂನು ಹೇಳಿದೆ. ಭಾರತೀಯ ನ್ಯಾಯ ಸಂಹಿತೆ ಆ ಜುಲೈ 1ರಿಂದ ಜಾರಿಗೆ ಬಂದಿತ್ತು. ಅಡ್ಡಗಟ್ಟಿ ಬಿಡದೆ ಇರುವುದಕ್ಕೆ ಕಲಂ 126, ಹೆಣ್ಣುಮಗಳ ಮಾನಕ್ಕೆ ಕುಂದು ತರುವ ಮಾತಿಗೆ 79, ಬೆದರಿಕೆಗೆ 351, ಹೊಡೆದಿದ್ದಕ್ಕೆ ಬೇರೆ. ಎಲ್ಲ ಬರೆದುಕೊಂಡೇ ಹೋಗಿದ್ದೆ. ಅವರು ಪೂರ್ತಿ ಕೇಳಿ, "ಹಾಕ್ಸಿ ಮೇಷ್ಟ್ರೇ. ಮೊದಲು ನನ್ನೇ ಒಳಗೆ ಹಾಕ್ಲಿ. ಮೈಸೂರು ಚಲೋದಲ್ಲಿ ಎಷ್ಟು ಜನ ಜೈಲಿಗೆ ಹೋಗಲಿಲ್ಲ?" ಅಂದರು. ಪಕ್ಕದಲ್ಲಿದ್ದ ಹುಡುಗರ ಮುಖ ಅರಳಿತು. ಕಾನೂನು ತಪ್ಪಲ್ಲ, ಬೇಕೇ ಬೇಕು. ಆದರೆ ನಾನು ಅದನ್ನು ಹುಡುಗರ ಎದುರಿಗೆ ಹೇಳಿದ್ದೆ. ಜೈಲಿಗೆ ಹೋಗುವುದೇ ದೇಶಸೇವೆ ಎಂದುಕೊಂಡವರ ಮುಂದೆ ಜೈಲಿನ ಮಾತೆತ್ತಿ, ಅವರ ಕೊರಳಿಗೆ ನಾನೇ ಹಾರ ಹಾಕಿದ ಹಾಗಾಯಿತು.

ಆಮೇಲೆ ಮಹಿಳೆಯರ ನಡುವೆ ಕೆಲಸ ಮಾಡುವ ಇಬ್ಬರನ್ನು ಕರೆಸಿ ಗರಡಿ ಪಕ್ಕದ ಸಭಾಂಗಣದಲ್ಲಿ ಮಾತಾಡಿಸಿದೆ. ಒಳ್ಳೆಯವರು, ತಿಳಿದವರು. ಆದರೆ ಅವರ ಮಾತು ಬೇರೆ ಊರಿನದ್ದಾಗಿತ್ತು. ಹುಡುಗರು ನೆಲ ನೋಡುತ್ತಾ ಕೂತಿದ್ದು ಎದ್ದು ಹೋದರು. ಅವರಿಬ್ಬರನ್ನು ಅಂಥ ಜಾಗದಲ್ಲಿ ತಯಾರಿ ಇಲ್ಲದೆ ನಿಲ್ಲಿಸಿದ್ದು ನನ್ನ ತಪ್ಪು.

ಗ್ರೂಪಿನ ಅಡ್ಮಿನ್ ನನ್ನ ಪರಿಚಯದವನು. ವಿಡಿಯೋ ತೆಗೆಸಿದೆ. ಅದಕ್ಕೆ ನಾಲ್ಕು ದಿನ ಹಿಡಿಯಿತು. ಮೊದಲ ಗಂಟೆಯಲ್ಲಿ ಆಗಬೇಕಿದ್ದ ಕೆಲಸ ಅದು. ಜೊತೆಗೆ ಇನ್ನೊಂದು ದೊಡ್ಡ ತಪ್ಪು ಮಾಡಿದೆ. ಪುರಾವೆಗೆ ಒಂದು ಪ್ರತಿ ಇಟ್ಟುಕೊಳ್ಳದೆ, ಯಾರು ಯಾವಾಗ ಹಾಕಿದರು ಎಂದು ಬರೆದುಕೊಳ್ಳದೆ ಅಳಿಸಿಬಿಟ್ಟೆ. ಹುಡುಗಿಯ ಗೆಳತಿಯೊಬ್ಬಳು ಉಳಿಸಿಕೊಂಡಿದ್ದಳು, ಬಚಾವಾಯಿತು. ಇಲ್ಲದಿದ್ದರೆ ನಾಳೆ ಆ ಮಗು ದೂರು ಕೊಡಬೇಕೆಂದರೂ ಕೈ ಖಾಲಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆಯೇ ಇದೆ. ಎಂಟು ದಿನ ನಾನು ಎಲ್ಲರನ್ನೂ ಮಾತಾಡಿಸಿದೆ, ಹುಡುಗಿಯನ್ನು ಮಾತಾಡಿಸಲಿಲ್ಲ. ಒಂಬತ್ತನೇ ದಿನ ತಾಯಿಯ ಜೊತೆ ಕೂರಿಸಿಕೊಂಡು, "ನಿನಗೇನು ಬೇಕಮ್ಮ?" ಎಂದು ಕೇಳಿದೆ. ಅವಳು ಮೊದಲೇ ಯೋಚಿಸಿಟ್ಟಿದ್ದಳು. ಇಂಟರ್ನಲ್ಸ್ ಮುಗಿಯುವುದರೊಳಗೆ ಕಾಲೇಜಿಗೆ ಹೋಗಬೇಕು. ವಿಡಿಯೋ ಎಲ್ಲೂ ಇರಬಾರದು. ಅವತ್ತು ಬಾಗಿಲಲ್ಲಿ ಕೂಗಾಡಿದವನೇ ಬಂದು, ಅವಳದೇನೂ ತಪ್ಪಿಲ್ಲ ಎಂದು ಅಪ್ಪನಿಗೆ ಹೇಳಬೇಕು. "ಕೇಸ್ ಬೇಡ ಅಂತಲ್ಲ ಸರ್. ಈಗ ಬೇಡ. ಬೇಕು ಅನ್ನಿಸಿದಾಗ ನಾನೇ ಹೇಳ್ತೀನಿ." ಅಲ್ಲಿಂದ ಮುಂದೆ ಅವಳನ್ನು ಕೇಳದೆ ನಾನು ಒಂದು ಹೆಜ್ಜೆಯನ್ನೂ ಇಡಲಿಲ್ಲ. ತುರ್ತು ಕರೆಯ 112 ಮತ್ತು ಮಹಿಳಾ ಸಹಾಯವಾಣಿ 181, ಎರಡನ್ನೂ ಅವಳ ಫೋನಿನಲ್ಲಿ ಹಾಕಿಸಿ ಬಂದೆ.

ಜೋಡಿ ಕಟ್ಟಿದ್ದು ಯಾರು?

ಹತ್ತನೇ ದಿನ ಬೆಳಗಿನ ಜಾವ ಐದಕ್ಕೆ ಗರಡಿಗೆ ಹೋಗಿ ಒಂದು ಮೂಲೆಯಲ್ಲಿ ಕೂತೆ. ಏನು ಹೇಳಬೇಕು ಎಂದು ಗೊತ್ತಿರಲಿಲ್ಲ. ಮಟ್ಟಿಯ ವಾಸನೆ, ಎಣ್ಣೆ, ಅರಿಶಿನ, ಬೆವರು. ಐವತ್ತು ವರ್ಷ ಹಿಂದಕ್ಕೆ ಹೋದ ಹಾಗಾಯಿತು.

ಒಬ್ಬ ಎಂಬತ್ತು ಕೇಜಿಯ ಹುಡುಗ ಹೊಸದಾಗಿ ಸೇರಿದ ಸಣಕಲನ ಜೊತೆ ಕುಸ್ತಿಗೆ ಇಳಿಯಲು ಹೊರಟ. ಉಸ್ತಾದರು ಅಲ್ಲಿಂದಲೇ ಗದರಿದರು: "ಏಯ್, ಜೋಡಿ ಆಗಲ್ಲ, ಎದ್ದೇಳು!" ದಸರಾ ಕುಸ್ತಿಗೂ ಮೊದಲು ಜೋಡಿ ಕಟ್ಟುವುದಕ್ಕೇ ಒಂದು ದಿನ ಇರುತ್ತದೆ. ತೂಕ ನೋಡಿ, ವಯಸ್ಸು ನೋಡಿ, ಸರಿಸಮ ಇದ್ದವರನ್ನು ಮಾತ್ರ ಎದುರುಬದುರು ಬಿಡುತ್ತಾರೆ. ಜೋಡಿ ಆಗದೆ ಹಿಡಿದರೆ ಅದು ಕುಸ್ತಿಯೇ ಅಲ್ಲ.

ಹುಡುಗರು ಹೋದ ಮೇಲೆ ಕೇಳಿದೆ. "ಉಸ್ತಾದ್ರೇ, ಅವತ್ತು ಕೆರೆ ಏರಿ ಮೇಲೆ ನಮ್ಮೋರು ಐದು ಜನ. ಎದುರಿಗೆ ಒಬ್ಬ ಹುಡುಗ, ಒಂದು ಹೆಣ್ಣುಮಗು. ಆ ಜೋಡಿ ಕಟ್ಟಿದ್ದು ಯಾರು?"

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದು ಕುಸ್ತಿ ಅಲ್ಲ ಮೇಷ್ಟ್ರೇ. ಬುದ್ಧಿ ಹೇಳಿದ್ದು" ಅಂದರು.

"ಏನು ಬುದ್ಧಿ ಹೇಳಿದ್ರು ಅಂತ ಒಂದ್ಸಲ ಕೇಳಿಬಿಡಿ ಹಾಗಾದ್ರೆ" ಎಂದು ಫೋನ್ ಕೊಟ್ಟೆ. ಹುಡುಗಿಯನ್ನು ಕೇಳಿ, ಅವಳು ಒಪ್ಪಿದ ಮೇಲೆ ಗೆಳತಿಯಿಂದ ಪ್ರತಿ ತಂದಿದ್ದೆ. ಆಗ ಗೊತ್ತಾಯಿತು, ಅವರು ಆ ವಿಡಿಯೋವನ್ನು ದೇವಸ್ಥಾನದಲ್ಲಿ ಕೂತು ಸೌಂಡ್ ಆಫ್ ಮಾಡಿ ನೋಡಿದ್ದರು. ಚಿತ್ರ ಮಾತ್ರ ನೋಡಿ ಕೈಮುಗಿದಿದ್ದರು. ಈಗ ಹಿರೀ ಹುಡುಗ ಆ ಹೆಣ್ಣುಮಗಳಿಗೆ ಅಂದ ಮಾತುಗಳು ಕೇಳಿಸಿದವು. ಆ ಮಾತುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಅರ್ಧಕ್ಕೇ ಫೋನ್ ಮಗುಚಿಟ್ಟರು. "ಈ ಬಾಯಿ ನನ್ನ ಗರಡೀದಾ?" ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಕೈಯೂ ಹೋಯ್ತು, ಬಾಯೂ ಹೋಯ್ತು. ಇನ್ನೊಬ್ಬರ ಕಚ್ಚೆ ನೋಡೋಕೆ ಹೋಗಿ" ಎಂದರು. ನಾನು ಏನೂ ಸೇರಿಸಲಿಲ್ಲ. ಎದ್ದು ಬಂದೆ.

ಆಮೇಲೆ ಬಂದ ಶನಿವಾರ. ಸಾಮು ಇಲ್ಲ ಎಂದರು. ಐದು ಹುಡುಗರನ್ನು ಮಟ್ಟಿಯ ಪಕ್ಕ ನೆಲದ ಮೇಲೆ ಕೂರಿಸಿ ರಾಮಾಯಣ ತೆಗೆದರು. ಇದು ನಾನು ಹೇಳಿಕೊಟ್ಟದ್ದಲ್ಲ, ನನಗೆ ಹೊಳೆಯುತ್ತಲೂ ಇರಲಿಲ್ಲ.

"ಸ್ವಾಮಿ ಅಶೋಕವನಕ್ಕೆ ಹೋದಾಗ ಸೀತಮ್ಮ ಒಬ್ಬಳೇ ಕೂತಿದ್ದಳು. ಸಮುದ್ರ ಹಾರಿ ಬಂದವನು ದಬಕ್ಕಂತ ಎದುರಿಗೆ ಇಳಿದನಾ? ಇಲ್ಲ. ಮರದಲ್ಲೇ ಕೂತು ಮೆಲ್ಲಗೆ ರಾಮನ ಕಥೆ ಹೇಳಿದ. ಯಾಕೆ? ತಾಯಿ ಹೆದರಬಾರದು ಅಂತ. ಆಮೇಲೆ, ಬೆನ್ನ ಮೇಲೆ ಕೂತ್ಕೊಳ್ಳಮ್ಮ, ಈಗಲೇ ಕರ್ಕೊಂಡು ಹೋಗ್ತೀನಿ ಅಂದ. ಅವಳು ಬೇಡ ಅಂದಳು. ಏನು ಮಾಡಿದ?"

ಯಾರೂ ಮಾತಾಡಲಿಲ್ಲ.

"ಸುಮ್ಮನಾದ ಕಣ್ರೋ. ಲಂಕೆ ಸುಡೋ ಶಕ್ತಿ ಇದ್ದವನು, ಬೇಡ ಅಂದ ಮೇಲೆ ಸುಮ್ಮನಾದ. ಆ ಮಗು, ನಾನು ಹೋಗ್ತೀನಿ ಬಿಡಿ ಅಂತು. ನೀವು ಸ್ಕೂಟರ್ ಹತ್ತಿಸಿದ್ರಿ. ನೀವು ಯಾರ ಭಕ್ತರು?"

ವಿಡಿಯೋ ಮಾಡಿದ ಹುಡುಗ ಅತ್ತ. ಗರಡಿಯಲ್ಲಿ ಗಂಡಸು ಅಳಬಾರದು ಎಂದು ಹೇಳುತ್ತಿದ್ದ ಉಸ್ತಾದರು ಅವತ್ತು ಅವನನ್ನು ತಡೆಯಲಿಲ್ಲ.

ಹುಡುಗಿಯ ಮನೆಯಲ್ಲಿ

ಹುಡುಗಿಯ ಒಪ್ಪಿಗೆ ಕೇಳಿಕೊಂಡು ಉಸ್ತಾದರು ಹಿರೀ ಹುಡುಗನನ್ನು ಮಾತ್ರ ಕರೆದುಕೊಂಡು ಹೋದರು. ಐದು ಜನರೂ ಹೋಗುವುದು ಬೇಡ ಎಂದು ಅವಳೇ ಹೇಳಿದ್ದಳು. ಮತ್ತೆ ಐದು ಜನ ಬಾಗಿಲಲ್ಲಿ ನಿಂತರೆ ನೋಡುವವರಿಗೆ ಅದು ಮೊದಲಿನ ಹಾಗೇ ಕಾಣುತ್ತದೆ, ಅಲ್ವಾ?

ಹುಡುಗ ಹೇಳಬೇಕಾದ್ದನ್ನು ಹೇಳಿದ. ಬಾಯಿಪಾಠ ಮಾಡಿದಂತಿತ್ತು. ಆಗ ಹುಡುಗಿ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತು ಒಂದೇ ಮಾತು ಕೇಳಿದಳು. "ಹೋಗ್ತೀನಿ ಅಂದಾಗ ಯಾಕೆ ಬಿಡಲಿಲ್ಲ?" ಅವನಿಗೆ ಉತ್ತರ ಬರಲಿಲ್ಲ. ಅವಳೂ ಉತ್ತರಕ್ಕೆ ಕಾಯಲಿಲ್ಲ. ಉಸ್ತಾದರು ಅಪ್ಪನಿಗೆ ಕೈಮುಗಿದು, "ನಿಮ್ಮ ಮಗಳ ತಪ್ಪಿಲ್ಲ ಸ್ವಾಮಿ. ತಪ್ಪು ನಮ್ಮ ಗರಡೀದು" ಅಂದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನನಗೆ ಹೇಳಿದ್ರಿ. ಬೀದಿಯವರಿಗೆ ಯಾರು ಹೇಳ್ತಾರೆ?" ಎಂದರು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗಸ್ಟ್ 15ರಂದು. ಬಾವುಟ ಹಾರಿದ ಮೇಲೆ ಉಸ್ತಾದರು ಎಂದಿನಂತೆ ರಾಮಸ್ವಾಮಿಯ ಕಥೆ ಶುರು ಮಾಡಿದರು. ನಡುವೆ ನಿಲ್ಲಿಸಿದರು. "ಆ ಹುಡುಗನ ಎದುರಿಗೆ ಬಂದೂಕು ಇತ್ತು. ಅವನ ಕೈಲಿ ಇರಲಿಲ್ಲ. ಅದಕ್ಕೇ ಇವತ್ತಿಗೂ ಹೆಸರು ಹೇಳ್ತೀವಿ. ನಮ್ಮ ಹುಡುಗರು ಹೋದ ತಿಂಗಳು ಇಬ್ಬರನ್ನ ಐದು ಜನ ಸೇರಿ ಹೆದರಿಸಿದ್ರು. ಅದು ದೇಶಭಕ್ತಿ ಅಲ್ಲ, ಧರ್ಮವೂ ಅಲ್ಲ. ನಾನು ಅದಕ್ಕೆ ಕೈಮುಗಿದೆ. ಅದು ನನ್ನ ತಪ್ಪು" ಎಂದರು. ಹುಡುಗಿಯ ಹೆಸರು, ಮನೆ ಏನನ್ನೂ ಹೇಳಲಿಲ್ಲ. ಹೇಳಬಾರದೆಂದು ಮೊದಲೇ ಮಾತಾಗಿತ್ತು.

ಮುಂದುವರಿದು, "ಹುಡುಗ ಹುಡುಗಿ ಕೆರೆ ಏರಿ ಮೇಲೆ ಕೂರೋದು ನನಗೆ ಇವತ್ತಿಗೂ ಇಷ್ಟ ಇಲ್ಲ" ಎಂದೂ ಹೇಳಿದರು. "ಆದ್ರೆ ನನಗೆ ಇಷ್ಟ ಇಲ್ಲ ಅಂತ ಇನ್ನೊಬ್ಬರ ಮೈ ಮುಟ್ಟೋಕೆ ಆಗಲ್ಲ." ಮುಂದೆ ಕೂತಿದ್ದ ಕೆಲವರಿಗೆ ಮೊದಲ ಮಾತು ಹಿಡಿಸಲಿಲ್ಲ, ಇನ್ನು ಕೆಲವರಿಗೆ ಎರಡನೆಯದು. ನನಗೆ ಎರಡೂ ಬೇಕಾಗಿತ್ತು. ಅವರು ತಮ್ಮ ನಂಬಿಕೆಯನ್ನೇ ಬಿಟ್ಟುಕೊಟ್ಟು ಮಾತಾಡಿದ್ದರೆ ಆ ಹುಡುಗರು ಕೇಳುತ್ತಿರಲಿಲ್ಲ.

ಏನಾಯಿತು, ಏನಾಗಲಿಲ್ಲ

ಹುಡುಗಿ ಸ್ವಾತಂತ್ರ್ಯ ದಿನಕ್ಕೆ ಮುಂಚೆಯೇ ಕಾಲೇಜಿಗೆ ಹೋಗತೊಡಗಿದ್ದಳು. ಒಂದು ಇಂಟರ್ನಲ್ ತಪ್ಪಿತು. ಮದುವೆ ಮಾತು ಡಿಗ್ರಿ ಮುಗಿಯುವವರೆಗೆ ನಿಂತಿದೆ, ಪೂರ್ತಿ ಹೋಗಿಲ್ಲ. ದೂರು ಕೊಡುವ ಹಕ್ಕು, ಪುರಾವೆ ಎರಡೂ ಅವಳ ಕೈಯಲ್ಲೇ ಇವೆ. ವಿಡಿಯೋ ಸೆಪ್ಟೆಂಬರ್‌ನಲ್ಲಿ ಬೇರೊಂದು ಗ್ರೂಪಿನಲ್ಲಿ ಮತ್ತೆ ಬಂತು. ಅವತ್ತು ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದವರು ಉಸ್ತಾದರೇ. ವಿಡಿಯೋ ಮಾಡಿದ್ದ ಹುಡುಗ ಮನೆ ಮನೆ ತಿರುಗಿ ಅಳಿಸಿ ಬಂದ.

ಹಿರೀ ಹುಡುಗನಿಗೆ ನಲವತ್ತು ದಿನ ಮಟ್ಟಿಗೆ ಇಳಿಯುವ ಹಾಗಿಲ್ಲ ಎಂದಾಯಿತು. ದಿನಾ ಬಂದು ಗರಡಿ ಗುಡಿಸಿ ಹೋಗುತ್ತಿದ್ದ. ಐವರಲ್ಲಿ ಒಬ್ಬ ಗರಡಿ ಬಿಟ್ಟ. ಉಸ್ತಾದರು ಮೆತ್ತಗಾದರು ಎಂದು ಹೇಳಿಕೊಂಡು ತಿರುಗುತ್ತಿದ್ದಾನಂತೆ. ಇಂಥವರು ಇನ್ನೊಂದು ಕಡೆ ಹೋಗಿ ಸೇರುತ್ತಾರೆ ಎಂಬ ಭಯ ನನಗೆ ಈಗಲೂ ಇದೆ.

ಇಂಥದ್ದು ಮತ್ತೆ ಎದುರಾದರೆ ನಾನು ಮೊದಲ ದಿನವೇ ಹುಡುಗಿಯ ಹತ್ತಿರ ಹೋಗುತ್ತೇನೆ, ಆಮೇಲೆ ಉಸ್ತಾದರ ಹತ್ತಿರ. ಪುರಾವೆ ಇಟ್ಟುಕೊಂಡು ಆಮೇಲೆ ಅಳಿಸುತ್ತೇನೆ. ಹಿರಿಯರನ್ನು ಒಬ್ಬರೇ ಇರುವಾಗ ಮಾತಾಡಿಸುತ್ತೇನೆ, ಶಿಷ್ಯರ ಎದುರಿಗೆ ಅಲ್ಲ. ಅವರ ನಂಬಿಕೆಯ ಜೊತೆ ಜಗಳಕ್ಕೆ ಇಳಿಯದೆ, ಅದರೊಳಗೆ ಅವರೇ ಮರೆತಿರುವುದು ಏನಿದೆ ಎಂದು ನೋಡುತ್ತೇನೆ. ಜೋಡಿ ನೋಡಿ ಕುಸ್ತಿ ಬಿಡುವ ಗರಡಿಯಲ್ಲಿ, ಹನುಮಂತನಿಗೆ ದಿನಾ ಕೈಮುಗಿಯುವ ಜಾಗದಲ್ಲಿ, ಬೇಕಾದ ಮಾತು ಮೊದಲಿಂದಲೂ ಇತ್ತು. ನಾನು ಹತ್ತು ದಿನ ಹೊರಗೆ ಹುಡುಕಿದೆ.

ಬಸ್ಕಿ ಹೊಡೆದ ಹುಡುಗನ ವಿಷಯದಲ್ಲಿ ನಾವು ಸೋತೆವು. ಎಲ್ಲರ ಗಮನ ಹುಡುಗಿಯ ಮೇಲೇ ಇತ್ತು. ಅವನು ಮನೆಯಲ್ಲಿ ಏನೂ ಹೇಳಿರಲಿಲ್ಲ. ಅಪ್ಪನಿಗೆ ಗೊತ್ತಾದರೆ, ತಿರುಗಿ ಯಾಕೆ ಹೊಡೆಯಲಿಲ್ಲ ಎಂದು ಕೇಳುತ್ತಾರೆ ಅಂತ ಹೆದರಿದ್ದ. ನಾನು ಹೋದಾಗ, "ನನಗೆ ಯಾರ ಕ್ಷಮೆಯೂ ಬೇಡ ಸರ್. ಆ ವಿಡಿಯೋ ಎಲ್ಲೆಲ್ಲಿದೆ ಅಂತ ಮಾತ್ರ ಹೇಳಿ" ಅಂದ. ಉಸ್ತಾದರು ಎರಡು ಸಲ ಅವನ ಮನೆಗೆ ಹೋದರು. ಎರಡು ಸಲವೂ ಅವನು ಒಳಗಿದ್ದ, ಹೊರಗೆ ಬರಲಿಲ್ಲ. ಮೂರನೇ ಸಲ ಹೋಗೋಣವಾ ಎಂದು ನಾನು ಕೇಳಿದ್ದಕ್ಕೆ, "ಬೇಡ ಅಂದಿದ್ದಾನೆ ಮೇಷ್ಟ್ರೇ" ಎಂದರು.

ಅವನು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ವಿಡಿಯೋ ಮತ್ತೆ ಎಲ್ಲಾದರೂ ಕಂಡರೆ ಎಷ್ಟು ಹೊತ್ತಿನಲ್ಲಾದರೂ ಫೋನ್ ಮಾಡು ಎಂದು ನಂಬರ್ ಕೊಟ್ಟಿದ್ದೇನೆ. ಇದುವರೆಗೆ ಮಾಡಿಲ್ಲ.